ಬಿಕ್ಕಳಿಸುವ ಗಿಟಾರು

ಕುಮಟಾದ ಅಜ್ಜಿಮನೆಯಲ್ಲಿ ಒಂದು ಟೂ-ಇನ್-ಒನ್ ಇತ್ತು. ಶಿಪ್ಪಿನಲ್ಲಿ ಕೆಲಸಕ್ಕಿದ್ದ ಮಾವ ರಜೆಗೆ ಬಂದಾಗ ತಂದದ್ದು. ಜೊತೆಗೆ ಆರೇಳು ಕ್ಯಾಸೆಟ್. ಅವುಗಳಲ್ಲಿ ಒಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ರೆಗೆ ತಂಡ ಯುಬಿ ಫಾರ್ಟಿಯ ‘ಲೇಬರ್ ಆಫ್ ಲವ್’. ಮಾವ ಅದನ್ನು ಹಾಕಿದಾಗ ಅಮ್ಮಮ್ಮ ತುರಿಮಣೆ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಎರಡು ನಿಮಿಷ ಕೇಳಿದಳು. ‘ಎಂಥದೋ ಇದು? ಬಿಕ್ಕಳಿಕೆ ಬಂದವರ ಹಾಗೆ ಬಾರಿಸ್ತಾರಲ್ಲ, ಅವರಿಗೆ ನೀರಾದ್ರೂ ಕೊಡಿ’ ಅಂದಳು.

ಅಮ್ಮಮ್ಮ ಹೇಳಿದ್ದು ಸರಿಯೇ. ನಾಲ್ಕು ಎಣಿಸಿ ನೋಡಿ. ನಾವು ಒಂದಕ್ಕೆ ಕೈ ತಟ್ಟುವವರು, ಭಜನೆಗೂ ಅಷ್ಟೇ, ಸಿನಿಮಾ ಹಾಡಿಗೂ ಅಷ್ಟೇ. ರೆಗೆ ಹುಟ್ಟಿದ್ದು ಜಮೈಕಾದಲ್ಲಿ, ಅಲ್ಲಿಯವರು ಆ ಒಂದನ್ನೇ ಖಾಲಿ ಬಿಟ್ಟರು. ದೊಡ್ಡ ಡ್ರಮ್ಮಿನ ಪೆಟ್ಟು ಬೀಳುವುದು ಮೂರಕ್ಕೆ. ಎರಡಕ್ಕೂ ನಾಲ್ಕಕ್ಕೂ ಗಿಟಾರು ‘ಚಕ್’ ಎಂದು ಬಿಕ್ಕಳಿಸುತ್ತದೆ. ಈ ಡ್ರಮ್ಮಿನ ನಡೆಗೆ ‘ವನ್ ಡ್ರಾಪ್’ ಅನ್ನುತ್ತಾರೆ.

‘ಲೇಬರ್ ಆಫ್ ಲವ್’ ಬಂದದ್ದು 1983ರಲ್ಲಿ. ಹತ್ತು ಹಾಡು, ಹತ್ತೂ ಬೇರೆಯವರದ್ದು. ‘ರೆಡ್ ರೆಡ್ ವೈನ್’ ಇವರದೇ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಬರೆದವರು ಅಮೆರಿಕದ ನೀಲ್ ಡೈಮಂಡ್. ತಮಾಷೆ ಅಂದರೆ ಯುಬಿ ಫಾರ್ಟಿಯವರಿಗೂ ಅದು ಗೊತ್ತಿರಲಿಲ್ಲವಂತೆ. ಅವರು ಕೇಳಿದ್ದು ಜಮೈಕಾದ ಗಾಯಕ ಟೋನಿ ಟ್ರೈಬ್ ಹಾಡಿದ ರೆಗೆ ರೂಪವನ್ನು ಮಾತ್ರ. ಬರ್ಮಿಂಗ್‌ಹ್ಯಾಮಿನ ಹುಡುಗರಿಗೂ ಕುಮಟಾದ ಹುಡುಗನಿಗೂ ಒಂದೇ ಅಜ್ಞಾನ, ಸಮಾಧಾನ ಅನ್ನಿಸಿತು.

ಆದರೆ ನನಗೆ ಜಾಸ್ತಿ ಇಷ್ಟ ಅವರ ಮೊದಲ ಆಲ್ಬಮ್ಮು, 1980ರ ‘ಸೈನಿಂಗ್ ಆಫ್’. ಯುಬಿ ಫಾರ್ಟಿ ಅನ್ನೋದು ಬ್ರಿಟನ್ನಿನ ನಿರುದ್ಯೋಗ ಭತ್ಯೆಯ ಒಂದು ಫಾರಂ ಹೆಸರು. ಮುಖಪುಟಕ್ಕೂ ಆ ಕಾರ್ಡನ್ನೇ ಅಚ್ಚು ಹಾಕಿದ್ದರು. ಕಾರವಾರದಲ್ಲಿ ಡಿಗ್ರಿ ಮುಗಿಸಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ದಿನಗಳಲ್ಲಿ ಇದು ನನಗೆ ಸಿಕ್ಕಿತು, ಮಡಗಾಂವಿಗೆ ಬಸ್ಸು ಹಿಡಿದು ಹೋಗಿ ತಂದದ್ದು. ಸ್ಯಾಕ್ಸೊಫೋನು ಅವಸರವೇ ಇಲ್ಲದೆ ಬರುತ್ತದೆ. ಕೆಲಸವಿಲ್ಲದವನ ಮಧ್ಯಾಹ್ನ ಹಾಗೇ ಇರೋದು ಅಲ್ವಾ?

ರೆಗೆ ಕಲಿತ ಹೊರಗಿನವರ ಆಲ್ಬಮ್ಮುಗಳಲ್ಲಿ ನನಗಿಷ್ಟದ ಇನ್ನೊಂದು ಬ್ರಿಟನ್ನಿನ ರಾಕ್ ತಂಡ ‘ದಿ ಪೊಲೀಸ್’ನ ‘ರೆಗಾಟ ದ ಬ್ಲಾಂಕ್’, 1979. ‘ಬಿಳಿಯರ ರೆಗೆ’ ಅನ್ನೋ ಅರ್ಥ ಬರುವಂತೆ ಸುಮ್ನೆ ಕಟ್ಟಿದ ಫ್ರೆಂಚು. ಮೂರೇ ಜನ. 1980ರಲ್ಲಿ ಬಾಂಬೆಗೂ ಬಂದು ನುಡಿಸಿ ಹೋಗಿದ್ದರು. ಅದರ ‘ವಾಕಿಂಗ್ ಆನ್ ದ ಮೂನ್’ ಹಾಡನ್ನು ನಾನು ಕೇಳುವುದು ರಾತ್ರಿ, ಟ್ಯಾಗೋರ್ ಬೀಚಿನಲ್ಲಿ ಜನ ಖಾಲಿಯಾದ ಮೇಲೆ. ಬೇಸ್ ಗಿಟಾರಿನಲ್ಲಿ ನಾಲ್ಕೇ ನಾಲ್ಕು ಸ್ವರ ಇದ್ದ ಹಾಗೆ ಕೇಳುತ್ತದೆ. ಉಳಿದ ಜಾಗ ಖಾಲಿ. ಡ್ರಮ್ಸ್ ಬಾರಿಸುವ ಸ್ಟೂವರ್ಟ್ ಕೋಪ್‌ಲ್ಯಾಂಡ್ ಆ ಖಾಲಿಯಲ್ಲಿ ತಾಳದ ತಟ್ಟೆ ಮೇಲೆ ಸಣ್ಣಗೆ ಏನೋ ಉದುರಿಸುತ್ತಾ ಇರುತ್ತಾನೆ. ಈ ಖಾಲಿಯನ್ನು ಕಲಿತವರ ಆಲ್ಬಮ್ಮೇ ನನ್ನ ಹತ್ತಿರ ಉಳಿದದ್ದು. ಬರೀ ಬಿಕ್ಕಳಿಕೆಯನ್ನು ಕಲಿತವರದ್ದು ಎರಡು ಸಲಕ್ಕೆ ಸಾಕಾಯಿತು.

ಲಂಡನ್ನಿನ ಪಂಕ್ ತಂಡ ‘ದಿ ಕ್ಲ್ಯಾಶ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವರ 1979ರ ಆಲ್ಬಮ್ಮು ‘ಲಂಡನ್ ಕಾಲಿಂಗ್’ನಲ್ಲಿ ಬೇಸ್ ಗಿಟಾರಿನ ಪಾಲ್ ಸಿಮೊನಾನ್ ಬರೆದು ಹಾಡಿದ ‘ಗನ್ಸ್ ಆಫ್ ಬ್ರಿಕ್ಸ್‌ಟನ್’ ಸಾಕು. ಮರುವರ್ಷದ ‘ಸ್ಯಾಂಡಿನಿಸ್ಟಾ’ದಲ್ಲಿ ಮೂರು ರೆಕಾರ್ಡು, 36 ಹಾಡು. ಅರ್ಧ ಮಾಡಿದ್ದರೆ ಒಳ್ಳೆಯದಿತ್ತು. ಹಾಂ, ರೆಗೆ ಅಂದರೆ ಮೊದಲು ನೆನಪಾಗುವ ಜಮೈಕಾದ ಬಾಬ್ ಮಾರ್ಲಿ ಎಲ್ಲಿ ಅಂತ ಕೇಳಬೇಡಿ. ಗೋಕರ್ಣದ ಅಂಗಡಿಗಳಲ್ಲಿ ಸಾಲಾಗಿ ತೂಗುವ ಅವನ ಚಿತ್ರದ ಟೀ-ಶರ್ಟುಗಳಿಂದಾಗಿ ಅವನ ‘ಎಕ್ಸೋಡಸ್’ ಆಲ್ಬಮ್ಮಿನ ಹತ್ತಿರ ಹೋಗಲಿಕ್ಕೆ ನನಗೆ ಬಹಳ ವರ್ಷ ಹಿಡಿಯಿತು. ತಪ್ಪು ನನ್ನದೇ.

ಅಕ್ಕನ ಮಗ ಈಗ ಗಣೇಶ ಚೌತಿಯ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಹೋದ ಭಾನುವಾರ ಅವನಿಗೆ ವನ್ ಡ್ರಾಪ್ ಕಲಿಸಲು ಕೂತೆ. ಎಷ್ಟು ಹೇಳಿದರೂ ಕಾಲು ಒಂದಕ್ಕೇ ಬೀಳುತ್ತದೆ. ಕೊನೆಗೆ, ‘ಒಂದು ಬಂದಾಗ ಉಗುಳು ನುಂಗು, ಮೂರಕ್ಕೆ ಒದಿ’ ಅಂದೆ.

ಧಡ್ ಅಂತ ಮತ್ತೆ ಒಂದಕ್ಕೇ ಬಿತ್ತು.

‘ನುಂಗಿದೆ ಮಾವ,’ ಅಂದ. ‘ಕಾಲಿಗೆ ಗೊತ್ತಾಗ್ಲಿಲ್ಲ.’