ಹತ್ಶೆಪ್ಸುತ್ ರಾಣಿಯನ್ನು ನೋಡಲು ಲಕ್ಸರ್‌ಗೆ ಹೋಗುವವರಿಗೆ

ಈಜಿಪ್ಟಿನ ಲಕ್ಸರ್‌ನಲ್ಲಿ ನೈಲ್ ನದಿಯ ಪಶ್ಚಿಮ ದಂಡೆಗೆ ಪ್ಯಾಕೇಜ್ ಟೂರ್ ಹಿಡಿದರೆ ಹತ್ಶೆಪ್ಸುತ್ ದೇವಾಲಯಕ್ಕೆ ಸಿಗುವುದು ಮುಕ್ಕಾಲು ಗಂಟೆ, ಅಲಬಾಸ್ಟರ್ ಕಲ್ಲಿನ ಬೊಂಬೆ ಅಂಗಡಿಗೆ ಒಂದು ಗಂಟೆ. ಅಂಗಡಿಯವರು ಗೈಡ್‌ಗೆ ಕಮಿಷನ್ ಕೊಡುತ್ತಾರೆ, ಅದಕ್ಕೇ ಈ ಲೆಕ್ಕ. ನಮಗೂ ಹೀಗೇ ಆಯಿತು. ಲಕ್ಸರ್ ದೇವಾಲಯದ ಎದುರಿನಿಂದ ಸ್ಥಳೀಯರು ದಾಟುವ ಫೆರಿಯಲ್ಲಿ ಆ ಕಡೆಗೆ ಹೋಗಿ. "ಇವತ್ತು ಫೆರಿ ಇಲ್ಲ" ಎನ್ನುವ ಮೋಟಾರ್ ಬೋಟಿನವರ ಮಾತು ನಂಬಬೇಡಿ. ಆಚೆ ಇಳಿದು ಟ್ಯಾಕ್ಸಿ ಮಾಡುವಾಗ, ಕಾಯುವ ಹೊತ್ತೂ ಸೇರಿ ಬಾಡಿಗೆ ಎಷ್ಟು, ಅಂಗಡಿಗಳಲ್ಲಿ ನಿಲ್ಲಿಸುವಂತಿಲ್ಲ, ಈ ಎರಡನ್ನೂ ಹತ್ತುವ ಮೊದಲೇ ಮಾತಾಡಿ.

ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿರಿ. ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ, ಬೆನ್ನಿಗೆ ಸುಣ್ಣಕಲ್ಲಿನ ಬಂಡೆಗೋಡೆ. ಹತ್ತು ಗಂಟೆಯ ಹೊತ್ತಿಗೆ ಆ ಬಂಡೆ ಕಾದ ಹೆಂಚಿನಂತೆ ಶಾಖ ಕಾರುತ್ತದೆ, ಬಸ್ಸುಗಳೂ ಬಂದು ತುಂಬುತ್ತವೆ.

ಹೋಗುವ ಮುನ್ನ ಇಷ್ಟು ತಿಳಿದಿದ್ದರೆ ಗೋಡೆಗಳು ಅರ್ಥವಾಗುತ್ತವೆ. ಕ್ರಿ.ಪೂ. 1479ರ ಸುಮಾರಿಗೆ ಹತ್ಶೆಪ್ಸುತ್ ರಾಣಿಯ ಗಂಡ, ರಾಜ ಎರಡನೇ ಥುಟ್ಮೋಸ್ ತೀರಿಕೊಂಡಾಗ ಮಲಮಗ ಮೂರನೇ ಥುಟ್ಮೋಸ್ ಇನ್ನೂ ಚಿಕ್ಕವನು. ಅವನ ಪರವಾಗಿ ಆಡಳಿತ ನಡೆಸುತ್ತಿದ್ದ ಹತ್ಶೆಪ್ಸುತ್ ಕೆಲವೇ ವರ್ಷಗಳಲ್ಲಿ ತಾನೇ ಫೇರೋ, ಅಂದರೆ ಈಜಿಪ್ಟಿನ ದೊರೆಯ ಪಟ್ಟಕ್ಕೇರಿ, ಕ್ರಿ.ಪೂ. 1458ರ ಸುಮಾರಿನವರೆಗೆ ಆಳಿದಳು. ಅವಳು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, ಮಲಮಗನ ಆಳ್ವಿಕೆಯ ಕೊನೆಗಾಲದಲ್ಲಿ, ಅವಳ ಚಿತ್ರಗಳನ್ನೂ ಹೆಸರನ್ನೂ ಉಳಿಯಿಂದ ಕೆತ್ತಿ ತೆಗೆದರು.

ಎಲ್ಲರೂ ಸೀದಾ ಮೇಲಿನ ಅಂತಸ್ತಿಗೆ ಓಡುತ್ತಾರೆ. ನೀವು ನಡುವಿನ ಅಂತಸ್ತಿನಲ್ಲೇ ನಿಂತು ಎಡಗಡೆಯ ಕಂಬಸಾಲಿಗೆ ಹೋಗಿ. ಈಜಿಪ್ಟಿನ ದಕ್ಷಿಣಕ್ಕಿದ್ದ ಪುಂತ್ ಎಂಬ ಪ್ರಾಚೀನ ದೇಶಕ್ಕೆ ಅವಳು ಕಳಿಸಿದ ಹಡಗುಯಾತ್ರೆ ಅಲ್ಲಿದೆ: ಕಂಬಗಳ ಮೇಲೆ ಕಟ್ಟಿದ ಗುಡಿಸಲು, ಹತ್ತಲು ಏಣಿ, ಬೇರುಸಮೇತ ಬುಟ್ಟಿಯಲ್ಲಿಟ್ಟು ದೊಣ್ಣೆಗೆ ಕಟ್ಟಿ ಹೊರುತ್ತಿರುವ ಧೂಪದ ಮರ. ಹಡಗುಗಳ ಕೆಳಗಿನ ನೀರಿನಲ್ಲಿ ಮೀನುಗಳನ್ನು ಜಾತಿ ಗುರುತಿಸುವಷ್ಟು ನಿಖರವಾಗಿ ಕೊರೆದಿದ್ದಾರೆ. ಇದಕ್ಕೇ ಅರ್ಧ ಗಂಟೆ ಕೊಡಿ. ಪುಂತ್ ರಾಣಿಯ ಪ್ರಸಿದ್ಧ ಚಿತ್ರದ ಮೂಲ ಕಲ್ಲು ಮಾತ್ರ ಕೈರೋದ ತಹ್ರೀರ್ ಮ್ಯೂಸಿಯಂನಲ್ಲಿದೆ. ಬಲಗಡೆಯ ಸಾಲಿನಲ್ಲಿ ಅವಳು ಅಮುನ್ ದೇವರ ಮಗಳು ಎನ್ನುವ ಜನನಕಥೆ ಇದೆ, ಕೆತ್ತನೆ ಬಹಳ ಸವೆದಿದೆ.

ಕಾವಲುಗಾರ ಕೈಸನ್ನೆ ಮಾಡಿ ಹಗ್ಗದಾಚೆ ಕರೆದರೆ ಹೋಗಬೇಡಿ. ಬಕ್ಷೀಸ್ ಕೇಳದೆ ಬಿಡುವುದಿಲ್ಲ. ಶೌಚಾಲಯಕ್ಕೆ ಚಿಲ್ಲರೆ ನೋಟು ಬೇಕು, ಟಿಕೆಟ್‌ಗೆ ಕಾರ್ಡ್ ಇಟ್ಟುಕೊಳ್ಳಿ.

ಊಟಕ್ಕೆ ದಂಡೆಯ ಪ್ರವಾಸಿ ಹೋಟೆಲುಗಳು ಬೇಡವೇ ಬೇಡ. ಪೂರ್ವ ದಂಡೆಗೆ ವಾಪಸ್ ಬಂದು ರೈಲ್ವೆ ಸ್ಟೇಷನ್ ಕಡೆಯ ಬೀದಿಗಳಲ್ಲಿ ಕೊಶರಿ ಅಂಗಡಿ ಹುಡುಕಿ. ಅನ್ನ, ಕಂದು ಮಸೂರ, ಮ್ಯಾಕರೋನಿ, ಕಡಲೆಕಾಳು, ಮೇಲೆ ಟೊಮೆಟೊ ಸಾರು, ಗರಿಗರಿ ಹುರಿದ ಈರುಳ್ಳಿ. ಬೆಳ್ಳುಳ್ಳಿ-ವಿನಿಗರ್ ನೀರು ಧಾರಾಳವಾಗಿ ಹಾಕಿಕೊಳ್ಳಿ. ಶತ್ತಾ ಎನ್ನುವ ಖಾರವನ್ನು ಮೊದಲು ತೊಟ್ಟು ಮಾತ್ರ. ಸಸ್ಯಾಹಾರಿಗಳಿಗೆ ಇದಕ್ಕಿಂತ ನೆಮ್ಮದಿಯ ಊಟ ಈಜಿಪ್ಟಿನಲ್ಲಿಲ್ಲ. ಬೆಲೆಯೋ, ಪ್ರವಾಸಿ ಹೋಟೆಲಿನ ಒಂದು ಜ್ಯೂಸಿಗಿಂತ ಕಡಿಮೆ. ಬೆಳಗಿನ ತಿಂಡಿಗೆ ಅವರೆಯಂಥ ಫಾವಾ ಕಾಳಿನ ತಅಮಿಯಾ ಎನ್ನುವ ವಡೆ, ರೊಟ್ಟಿ ಸಾಕು.

ಪೂರ್ವ ದಂಡೆಯ ದೇವಾಲಯ ಸಮೂಹ ಕಾರ್ನಾಕ್‌ಗೆ ಇನ್ನೊಂದು ಬೆಳಗು ಮೀಸಲಿಡಿ. ನಾಲ್ಕನೇ ಮತ್ತು ಐದನೇ ಮಹಾದ್ವಾರಗಳ ನಡುವೆ ನಿಂತಿರುವ, ಸುಮಾರು 29.5 ಮೀಟರ್ ಎತ್ತರದ ಏಕಶಿಲಾ ಸ್ತಂಭ ಅವಳದು. ಅಸ್ವಾನಿನ ಗ್ರಾನೈಟ್ ಗಣಿಯಲ್ಲಿ ಆ ಕೆಲಸ ಏಳು ತಿಂಗಳಲ್ಲಿ ಮುಗಿಯಿತೆಂದು ಬುಡದ ಶಾಸನವೇ ಹೇಳುತ್ತದೆ. ಮೂರನೇ ಥುಟ್ಮೋಸ್ ಅದರ ಸುತ್ತ ಗೋಡೆ ಎಬ್ಬಿಸಿ ಮುಚ್ಚಿಸಿದ, ಹಾಗಾಗಿ ಮುಚ್ಚಿದ ಭಾಗದ ಅಕ್ಷರಗಳೇ ಚೆನ್ನಾಗಿ ಉಳಿದವು. ಇದರ ಜೋಡಿ ಮುರಿದುಬಿದ್ದು, ಅದರ ತುದಿ ಪವಿತ್ರ ಕೊಳದ ಬಳಿ ಇದೆ.

ಗರ್ಭಗುಡಿಯ ಉತ್ತರ ಬದಿಯ ಕೋಣೆಗಳನ್ನು ಗೈಡ್‌ಗಳು ತೋರಿಸುವುದಿಲ್ಲ, ನೀವೇ ಹುಡುಕಿ. ಒಂದು ಗೋಡೆಯಲ್ಲಿ ಹೋರಸ್ ಮತ್ತು ಥೋತ್ ದೇವರುಗಳು ಎರಡೂ ಕಡೆಯಿಂದ ಅಭಿಷೇಕ ಮಾಡುತ್ತಿದ್ದಾರೆ. ನಡುವೆ ಅವಳಿಲ್ಲ, ಉಳಿ ಕೆತ್ತಿದ ಒರಟು ಆಕಾರ ಮಾತ್ರ. ಆಮೇಲೆ ಬಯಲು ಮ್ಯೂಸಿಯಂನಲ್ಲಿ ಮರುಜೋಡಿಸಿರುವ ಅವಳ ಕೆಂಪು ಗುಡಿ ನೋಡಿ. ಅದಕ್ಕೆ ಬೇರೆ ಟಿಕೆಟ್ ಬೇಕೇ ಎಂದು ಮುಖ್ಯ ಕಿಟಕಿಯಲ್ಲೇ ಕೇಳಿಕೊಳ್ಳಿ, ಮತ್ತೆ ಅಷ್ಟು ದೂರ ನಡೆಯುವುದು ತಪ್ಪುತ್ತದೆ.

ಅವಳದೆಂದು 2007ರಲ್ಲಿ ಒಂದು ಹಲ್ಲಿನ ಆಧಾರದಿಂದ ಗುರುತಿಸಿದ ಮಮ್ಮಿಗಾಗಿ ತಹ್ರೀರ್ ಮ್ಯೂಸಿಯಂಗೆ ಹೋಗಿ ನಿರಾಶರಾಗಬೇಡಿ. ಈ ಗುರುತನ್ನು ಎಲ್ಲ ತಜ್ಞರೂ ಒಪ್ಪಿಲ್ಲ. ಮಮ್ಮಿ 2021ರಿಂದ ಕೈರೋದ ಫುಸ್ತಾತ್‌ನ ರಾಷ್ಟ್ರೀಯ ನಾಗರಿಕತಾ ಮ್ಯೂಸಿಯಂನಲ್ಲಿದೆ. ಅಲ್ಲಿನ ಮಮ್ಮಿಗಳ ವಿಭಾಗದಲ್ಲಿ ಫೋಟೊ ತೆಗೆಯುವಂತಿಲ್ಲ.