ಡಬ್ಬದ ಮೇಲಿನ ಹೆಸರು, ಒಳಗಿನ ರೀಲು

ಫಿಲ್ಮ್ ತೊಳೆದು, ಕ್ಲಿಪ್ ಸಿಕ್ಕಿಸಿ ನೇತುಹಾಕಿದ ಮೇಲೆ ನನ್ನ ಕಣ್ಣು ಮೊದಲು ಹೋಗುವುದು ಅಂಚಿಗೆ. ಚಿತ್ರ ಹೇಗೆ ಬಂದಿದೆ ಎಂಬುದು ಆಮೇಲಿನ ಮಾತು. ರಂಧ್ರಗಳ ಪಕ್ಕದಲ್ಲಿ ಕಂಪನಿಯ ಹೆಸರು, ಫಿಲ್ಮಿನ ಹೆಸರು, ಫ್ರೇಮ್ ನಂಬರು ಕಡುಗಪ್ಪಾಗಿ ಮೂಡಿದ್ದರೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ರಸಾಯನ, ತನ್ನ ಕೆಲಸ ಮಾಡಿದೆ ಎಂದರ್ಥ. ಆ ಅಕ್ಷರಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ, ನಮ್ಮ ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಚು ಬಂದು ಚಿತ್ರ ಬಾರದಿದ್ದರೆ ಕ್ಯಾಮೆರಾ ನೋಡಬೇಕು. ಎರಡೂ ಬಾರದಿದ್ದರೆ ಡೆವಲಪರ್ ಬಾಟಲಿ ನೋಡಬೇಕು.

ಆ ಭಾನುವಾರ ನೇತುಹಾಕಿದ ರೀಲಿನಲ್ಲಿ ಚಿತ್ರಗಳಿದ್ದವು, ಅಂಚು ಖಾಲಿಯಿತ್ತು. ಒಂದಕ್ಷರವಿಲ್ಲ, ಒಂದಂಕಿಯಿಲ್ಲ. ಸಾಲದ್ದಕ್ಕೆ ಮೊದಲ ಕೆಲವು ಫ್ರೇಮುಗಳ ಮೇಲೆ ಅಂಚಿನಿಂದ ಒಳಕ್ಕೆ ಹರಿದ ಕಪ್ಪು ಪಟ್ಟೆಗಳು. ಪಟ್ಟೆ ಬಿದ್ದದ್ದು ಸರಿಯಾಗಿ ನನಗೆ ಬೇಕಾಗಿದ್ದ ಚಿತ್ರಗಳ ಮೇಲೆಯೇ. ಕ್ಯಾಮೆರಾದ ಹಿಂಬಾಗಿಲಲ್ಲಿ ಬೆಳಕು ತಡೆಯುವ ಸ್ಪಂಜು ಸವೆದಿದೆಯೋ ಎಂದು ನೋಡಿದೆ. ಅದು ಗಟ್ಟಿಯಾಗಿಯೇ ಇತ್ತು. ಹಿಂಬಾಗಿಲು ಸೋರಿದ್ದರೆ ಪಟ್ಟೆ ರೀಲಿನ ಉದ್ದಕ್ಕೂ ಬರಬೇಕಿತ್ತು. ಇದು ಶುರುವಿನಲ್ಲಿ ದಟ್ಟವಾಗಿ, ಮುಂದೆ ಹೋದಂತೆ ತೆಳುವಾಗಿ, ಆಮೇಲೆ ಇಲ್ಲವೇ ಇಲ್ಲ.

ರೀಲು ಬಂದದ್ದು ಒಬ್ಬ ಸಣ್ಣ ಮಾರಾಟಗಾರರಿಂದ. ಚಂದದ ಡಬ್ಬ, ಚಂದದ ಹೆಸರು, ಕೆಳಗೆ ‘ಹೊಚ್ಚ ಹೊಸ ಕಪ್ಪು-ಬಿಳುಪು ಫಿಲ್ಮ್, ಐಎಸ್ಒ 400’ ಎಂಬ ಸಾಲು. ಐಎಸ್ಒ ಎಂದರೆ ಫಿಲ್ಮಿನ ಸ್ಪೀಡು, ಬೆಳಕಿಗೆ ಅದು ಎಷ್ಟು ಚುರುಕು ಎಂಬುದರ ಅಳತೆ. ಡಬ್ಬವನ್ನು ಎಲ್ಲಾ ಮಗ್ಗುಲಿಗೂ ತಿರುಗಿಸಿ ನೋಡಿದರೂ ಬ್ಯಾಚ್ ನಂಬರಿಲ್ಲ, ಎಕ್ಸ್‌ಪೈರಿ ತಾರೀಖಿಲ್ಲ. ಕೊಳ್ಳುವಾಗಲೂ ಅದು ಕಣ್ಣಿಗೆ ಬಿದ್ದಿತ್ತು. ಸಣ್ಣವರು, ಅಷ್ಟೆಲ್ಲ ಎಲ್ಲಿ ಅಚ್ಚು ಹಾಕಿಸುತ್ತಾರೆ ಎಂದುಕೊಂಡಿದ್ದೆ.

ಒಣಗುವಷ್ಟರಲ್ಲಿ ಖಾಲಿ ಕ್ಯಾಸೆಟ್ ಕೈಗೆತ್ತಿಕೊಂಡೆ. ಮೇಲೆ ಸುತ್ತಿದ್ದ ಸ್ಟಿಕ್ಕರಿನ ಮೂಲೆಗೆ ಉಗುರು ಹಾಕಿ ಮೆಲ್ಲಗೆ ಎಬ್ಬಿಸಿದೆ. ಅಂಟು ಗೋಂದಿನ ಎಳೆಗಳಾಗಿ ಎದ್ದುಬಂತು, ಅದರಡಿ ಇನ್ನೊಂದು ದೊಡ್ಡ ಕಂಪನಿಯ ಬಣ್ಣದ ಫಿಲ್ಮಿನ ಹೆಸರು. ಹಳೆಯ ರೀಲಿನ ಕೊನೆಯ ಬೆರಳಗಲ ತುಂಡು ಕ್ಯಾಸೆಟ್ಟಿನ ಬಾಯಲ್ಲಿ ಇನ್ನೂ ಕಚ್ಚಿಕೊಂಡಿತ್ತು, ಹೊಸ ಫಿಲ್ಮನ್ನು ಅದಕ್ಕೆ ಟೇಪಿನಿಂದ ಅಂಟಿಸಿದ್ದರು. ಯಾವುದೋ ಲ್ಯಾಬಿನಲ್ಲಿ ಉಳಿದ ಕ್ಯಾಸೆಟ್ ತಂದು ಕತ್ತಲಲ್ಲಿ ಮತ್ತೆ ತುಂಬಿದ ಮಾಲು. ಇದರಲ್ಲಿ ಮೋಸವೇನೂ ಇಲ್ಲ. 100 ಅಡಿಯ ಬಲ್ಕ್ ರೋಲ್ ತಂದು ನಾನೂ ಹೀಗೆಯೇ ತುಂಬಿಕೊಳ್ಳುತ್ತೇನೆ, 36 ಫ್ರೇಮಿನ ಹದಿನೆಂಟು ರೀಲು ಆರಾಮಾಗಿ ಆಗುತ್ತವೆ. ಆದರೆ ಕ್ಯಾಸೆಟ್ಟಿನ ಬಾಯಲ್ಲಿ ಬೆಳಕು ತಡೆಯುವ ವೆಲ್ವೆಟ್ಟಿನಲ್ಲಿ ಹಳೆಯ ಧೂಳು ಕೂತಿದ್ದರೆ ಫಿಲ್ಮಿನ ಉದ್ದಕ್ಕೂ ಗೀರು ಬೀಳುತ್ತದೆ, ಬಹಳ ಸಲ ಬಳಸಿದರೆ ವೆಲ್ವೆಟ್ ಸವೆದು ಬೆಳಕನ್ನೂ ಬಿಡುತ್ತದೆ. ನನಗಾಗಿ ತುಂಬಿಕೊಂಡಾಗ ಆ ಅಪಾಯ ನನ್ನದು. ಮಾರುವಾಗ ಅದನ್ನು ಕೊಳ್ಳುವವನಿಗೆ ಹೇಳಬೇಕು.

ಪಟ್ಟೆಗೆ ಕಾರಣ ವೆಲ್ವೆಟ್ಟಲ್ಲ ಎಂದು ಗೊತ್ತಾದದ್ದು ಫಿಲ್ಮಿನ ನಾಲಿಗೆಯನ್ನು ಹರಿಯಲು ಹೋದಾಗ. ಸಾಧಾರಣ 35 ಎಂಎಂ ಫಿಲ್ಮಿನ ಬೇಸ್, ಅಂದರೆ ಚಿತ್ರದ ಪದರವನ್ನು ಹೊತ್ತ ಪ್ಲಾಸ್ಟಿಕ್ ಪಟ್ಟಿ, ಅಸಿಟೇಟ್; ಕೈಯಲ್ಲಿ ಹಿಡಿದು ಎಳೆದರೆ ಹರಿಯುತ್ತದೆ. ಇದು ಹರಿಯಲಿಲ್ಲ. ತಿರುಚಿದೆ, ಹಲ್ಲಿಗೂ ಕೊಟ್ಟೆ, ಬೆರಳಿಗೆ ನೋವಾಯಿತೇ ಹೊರತು ಅದು ಜಗ್ಗಲಿಲ್ಲ. ಕತ್ತರಿಯೇ ಬೇಕಾಯಿತು. ಅಂದರೆ ಪಾಲಿಯೆಸ್ಟರ್. ಲೈಟ್ ಬಾಕ್ಸ್ ಮೇಲಿಟ್ಟರೆ ಎರಡು ಫ್ರೇಮುಗಳ ನಡುವಿನ ಜಾಗ ಗಾಜಿನಂತೆ ತಿಳಿ. ಪಕ್ಕದಲ್ಲಿ ಮಾಮೂಲಿ ಫಿಲ್ಮೊಂದರ ತುಂಡಿಟ್ಟೆ. ಅದರ ಬೇಸಿನಲ್ಲಿ ತೆಳು ಬೂದು ಛಾಯೆ. ಆ ಬೂದು ಸುಮ್ಮನೆ ಇರುವುದಲ್ಲ. ಕ್ಯಾಸೆಟ್ಟಿನಿಂದ ಹೊರಚಾಚಿದ ನಾಲಿಗೆಯ ಮೇಲೆ ಬಿದ್ದ ಬೆಳಕು ಬೇಸಿನೊಳಗೇ ಹರಿದು ಒಳಗಿನ ಸುತ್ತುಗಳನ್ನು ತಲುಪದಂತೆ ತಡೆಯಲು ಅದನ್ನು ಬೆರೆಸಿರುತ್ತಾರೆ. ತಿಳಿ ಪಾಲಿಯೆಸ್ಟರಿನಲ್ಲಿ ಆ ತಡೆಯಿಲ್ಲ, ಆಪ್ಟಿಕಲ್ ಫೈಬರಿನಲ್ಲಿ ಹರಿದಂತೆ ಬೆಳಕು ಒಳಕ್ಕೆ ಹರಿಯುತ್ತದೆ. ವೆಲ್ವೆಟ್ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ, ಯಾಕೆಂದರೆ ಬೆಳಕು ಹೋಗುವುದು ಫಿಲ್ಮಿನ ದಪ್ಪದೊಳಗಿಂದ. ಇಂಥ ಫಿಲ್ಮನ್ನು ಕತ್ತಲಲ್ಲಿ, ಕೊನೇಪಕ್ಷ ದಟ್ಟ ನೆರಳಲ್ಲಿ ಲೋಡ್ ಮಾಡಬೇಕು. ನಾನು ಡಬ್ಬ ಒಡೆದದ್ದು ಬಯಲಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ. ಹಾಗೆ ಮಾಡಬೇಡಿ ಎಂದು ಡಬ್ಬದಲ್ಲಿ ಎಲ್ಲೂ ಇರಲಿಲ್ಲ.

ಇಷ್ಟಾದ ಮೇಲೆ ಚಿತ್ರಗಳನ್ನೇ ಬೇರೆ ಕಣ್ಣಿಂದ ನೋಡತೊಡಗಿದೆ. ಇಟ್ಟಿಗೆ ಗೋಡೆ ಬಹುತೇಕ ಬೆಳ್ಳಗೆ ಬಂದಿತ್ತು. ಮುಖಗಳಲ್ಲಿ ತುಟಿಯ ಕೆಂಪು ಚರ್ಮದಲ್ಲೇ ಕರಗಿಹೋಗಿತ್ತು. ಫಿಲ್ಟರ್ ಹಾಕದಿದ್ದರೂ ಆಕಾಶ ಕಪ್ಪೇರಿತ್ತು, ದೂರದ ಗುಡ್ಡದ ಮಬ್ಬು ಮಾಯ. ನೆರಳುಗಳಲ್ಲಿ ಮಾತ್ರ ಏನೂ ಇಲ್ಲ, 400 ಎಂದು ನಂಬಿ ತೆಗೆದ ಕಡೆಯೆಲ್ಲ ನೆಗೆಟಿವ್‌ನಲ್ಲಿ ಬರೀ ತಿಳಿ ಫಿಲ್ಮ್. ಕೆಂಪಿನಾಚೆಯ ಇನ್ಫ್ರಾರೆಡ್ ಅಂಚಿನವರೆಗೂ ಕಾಣುವ, ಸ್ಪೀಡು ಹೇಳಿದಷ್ಟಿಲ್ಲದ, ತಿಳಿ ಪಾಲಿಯೆಸ್ಟರ್ ಬೇಸಿನ ಫಿಲ್ಮ್ ಎಂದರೆ ಫಿಲ್ಮಿನ ಹುಚ್ಚಿರುವ ಯಾರನ್ನು ಕೇಳಿದರೂ ಒಂದೇ ಉತ್ತರ: ಇದು ವಿಮಾನದಿಂದ ನೆಲದ ಚಿತ್ರ ತೆಗೆಯಲು ಮಾಡಿದ ಜಾತಿ. ಮೇಲಿನಿಂದ ತೆಗೆಯುವಾಗ ಮಬ್ಬನ್ನು ಸೀಳಲು ಕೆಂಪು ಬೇಕು. ನಕ್ಷೆ ಅಳೆಯುವಾಗ ಫಿಲ್ಮ್ ಹಿಗ್ಗಿ ಕುಗ್ಗಬಾರದು, ಅದಕ್ಕೆ ಪಾಲಿಯೆಸ್ಟರ್. ಬೆಲ್ಜಿಯಂನ ಮೊರ್ಟ್‌ಸೆಲ್‌ನಲ್ಲಿ ಆಗ್ಫಾ-ಗೇವರ್ಟ್ ‘ಏವಿಫಾಟ್’ ಎಂಬ ಹೆಸರಿನಲ್ಲಿ ಇಂಥ ಫಿಲ್ಮ್ ತಯಾರಿಸುತ್ತಿತ್ತು. ರೊಲೈ ಹೆಸರಿನ ರೆಟ್ರೊ 80ಎಸ್ ಮೊದಲಾದವು ಆ ವಂಶದವು ಎಂಬುದು ಈ ವಲಯದಲ್ಲಿ ಗುಟ್ಟೇನಲ್ಲ. ನನ್ನ ಕೈಯಲ್ಲಿದ್ದದ್ದು ಅದೇ ಎಂದು ಪ್ರಮಾಣ ಮಾಡಿ ಹೇಳಲಾರೆ, ಲಕ್ಷಣವೆಲ್ಲ ಅದರದೇ. ‘ಹೊಚ್ಚ ಹೊಸ’ದ್ದಂತೂ ಅಲ್ಲ.

ಇದಕ್ಕೆ ಆಶ್ಚರ್ಯಪಡಬೇಕಾಗಿಯೂ ಇರಲಿಲ್ಲ. ಫಿಲ್ಮ್ ತಯಾರಿಕೆ ಮನೆಯ ಹಿಂದಿನ ಶೆಡ್ಡಿನಲ್ಲಿ ಆಗುವ ಕೆಲಸವಲ್ಲ. ಬೆಳ್ಳಿಯ ಹಾಲೈಡ್ ಹರಳುಗಳನ್ನು ಜೆಲಟಿನ್‌ನಲ್ಲಿ ಬೆಳೆಸಿ ಎಮಲ್ಷನ್ ಮಾಡಬೇಕು. ಹರಳಿನ ಗಾತ್ರ ಕೊಂಚ ಆಚೀಚೆಯಾದರೆ ಸ್ಪೀಡು, ಗ್ರೇನು (ಚಿತ್ರದಲ್ಲಿ ಕಾಣುವ ಸಣ್ಣ ಕಣ) ಎಲ್ಲ ಬದಲು. ಆಮೇಲೆ ಒಂದು ಮೀಟರಿಗೂ ಹೆಚ್ಚು ಅಗಲದ, ಸಾವಿರಾರು ಅಡಿ ಉದ್ದದ ಬೇಸಿನ ಮೇಲೆ ಅದನ್ನು ಒಂದೇ ಸಮನಾಗಿ ಹಚ್ಚಬೇಕು, ಕಗ್ಗತ್ತಲಲ್ಲಿ, ಒಂದು ಕಣ ಧೂಳೂ ಕೂರದಂತೆ. ಬಣ್ಣದ ಫಿಲ್ಮಾದರೆ ಹತ್ತಕ್ಕೂ ಹೆಚ್ಚು ಪದರ, ಹಲವನ್ನು ಒಂದರ ಮೇಲೊಂದು ಒಟ್ಟಿಗೇ ಹರಿಸುತ್ತಾರೆ. ಯಂತ್ರ ಒಮ್ಮೆ ಓಡಿದರೆ ಮೈಲಿಗಟ್ಟಲೆ ಫಿಲ್ಮ್ ಹೊರಬೀಳುತ್ತದೆ, ನೂರಿನ್ನೂರು ರೀಲಿಗಾಗಿ ಅದನ್ನು ಓಡಿಸುವ ಮಾತೇ ಇಲ್ಲ. ಹಾಗಾಗಿ ಇಂದು ಈ ಕೆಲಸ ಮಾಡುವ ಜಾಗಗಳನ್ನು ಕೈಬೆರಳಲ್ಲಿ ಎಣಿಸಬಹುದು. ಅಮೆರಿಕದ ರೋಚೆಸ್ಟರಿನಲ್ಲಿ ಕೊಡಾಕ್, ಇಂಗ್ಲೆಂಡಿನ ಮೊಬರ್ಲಿಯಲ್ಲಿ ಇಲ್ಫರ್ಡ್ ಫಿಲ್ಮುಗಳನ್ನು ಮಾಡುವ ಹಾರ್ಮನ್, ಚೆಕ್ ದೇಶದ ಹ್ರಾಡೆಟ್ಸ್ ಕ್ರಾಲೊವೆಯಲ್ಲಿ ಫೋಮಾ, ಇನ್ನು ಕೆಲವು.

ಇಟಲಿಯ ಫೆರಾನಿಯಾದವರ ಕತೆ ಗೊತ್ತಿದ್ದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮುಚ್ಚಿಹೋಗಿದ್ದ ಕಾರ್ಖಾನೆಯ ಒಂದು ಭಾಗವನ್ನು ಉಳಿಸಿಕೊಂಡು, 2014ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 3 ಲಕ್ಷ ಡಾಲರಿಗೂ ಹೆಚ್ಚು ಎತ್ತಿ, ಬಣ್ಣದ ರಿವರ್ಸಲ್ (ಸ್ಲೈಡ್) ಫಿಲ್ಮ್ ಕೊಡುತ್ತೇವೆ ಎಂದರು. 2017ರಲ್ಲಿ ಅವರು ಹೊರತಂದದ್ದು ಪಿ30 ಎಂಬ ಕಪ್ಪು-ಬಿಳುಪು ಫಿಲ್ಮ್. ಯಂತ್ರ, ಕಟ್ಟಡ, ಕೆಲಸ ಬಲ್ಲ ಜನ ಎಲ್ಲ ಇದ್ದೂ ಈ ಪಾಡು. ಹಾರ್ಮನ್ ತನ್ನ ಮೊದಲ ಬಣ್ಣದ ಫಿಲ್ಮ್ ಫೀನಿಕ್ಸ್ 200 ಅನ್ನು 2023ರ ಡಿಸೆಂಬರಿನಲ್ಲಿ ತಂದಾಗ ಇದು ಪ್ರಯೋಗ, ಪರಿಪೂರ್ಣವಲ್ಲ ಎಂದು ತಾನೇ ಹೇಳಿಕೊಂಡಿತು. ಹಾಗಿರುವಾಗ ಒಂದೆರಡು ಜನರ ಅಂಗಡಿಯೊಂದು ಹೊಚ್ಚ ಹೊಸ ಫಿಲ್ಮ್ ಎಂದರೆ ಹೊಸದು ಡಬ್ಬವೇ ಇರಬೇಕು.

ಬೇರೆಯವರ ಫಿಲ್ಮಿಗೆ ತಮ್ಮ ಹೆಸರು ಹಾಕಿ ಮಾರುವುದರ ಮೇಲೆ ನನಗೆ ತಕರಾರಿಲ್ಲ. ಸಣ್ಣವರು ಮಾತ್ರ ಮಾಡುವ ಕೆಲಸವೂ ಅಲ್ಲ ಅದು. ಫ್ಯೂಜಿಯ ಹಸಿರು ಡಬ್ಬದ 200ರ ಮೇಲೆ ಒಂದು ಹಂತದಲ್ಲಿ ‘ಅಮೆರಿಕದಲ್ಲಿ ತಯಾರಾದದ್ದು’ ಎಂದು ಬಂತು, ಕೊಡಾಕ್‌ನದ್ದೇ ಎಂದು ಊಹಿಸಲು ಯಾರಿಗೂ ಕಷ್ಟವಾಗಲಿಲ್ಲ. ಕೊಸ್ಮೊ ಫೋಟೊ ಎಂಬ ಒಂದಾಳಿನ ಬ್ರ್ಯಾಂಡು 2017ರಲ್ಲಿ ಮೋನೋ 100 ತಂದಾಗ, ಇದು ಈಗಾಗಲೇ ಇರುವ ಎಮಲ್ಷನ್ನೇ, ಡಬ್ಬ ಮಾತ್ರ ನನ್ನದು ಎಂದು ಮುಚ್ಚುಮರೆಯಿಲ್ಲದೆ ಹೇಳಿತು. ಜನ ಆ ಡಬ್ಬದ ಚಂದಕ್ಕೇ ಕೊಂಡರು. ಕೊಳ್ಳಲಿ, ನಾನೂ ಕೊಂಡಿದ್ದೇನೆ. ಸಿನಿಸ್ಟಿಲ್ 800ಟಿ ಕೊಡಾಕ್‌ನ ಸಿನಿಮಾ ನೆಗೆಟಿವ್ ಎಂದು ಎಲ್ಲರಿಗೂ ಗೊತ್ತು. ಹಿಂಬದಿಯ ರೆಮ್‌ಜೆಟ್ ಎಂಬ ಕಪ್ಪು ಪದರವನ್ನು ತೆಗೆದಿರುವುದರಿಂದ ರಾತ್ರಿ ದೀಪಗಳ ಸುತ್ತ ಕೆಂಪು ಪ್ರಭೆ ಮೂಡುತ್ತದೆ, ಅದಕ್ಕಾಗಿಯೇ ಹುಡುಕಿಕೊಂಡು ಹೋಗುವವರಿದ್ದಾರೆ.

ರೆಮ್‌ಜೆಟ್ ಎಂದಾಗ ಒಂದು ಮಾತು. ಅದನ್ನು ತೆಗೆಯದೆ, ಹೇಳದೆ ಮಾರಿದ ಸಿನಿಮಾ ಫಿಲ್ಮನ್ನು ಬಣ್ಣದ ನೆಗೆಟಿವ್ ತೊಳೆಯುವ ಮಾಮೂಲಿ ಸಿ-41 ಮೆಷಿನ್ನಿಗೆ ಹಾಕಿದರೆ ಕಪ್ಪು ಮಸಿ ಬಿಟ್ಟುಕೊಂಡು ರಸಾಯನವನ್ನೆಲ್ಲ ಕೆಡಿಸುತ್ತದೆ, ಜೊತೆಗೆ ಅದೇ ಮೆಷಿನ್ನಿನಲ್ಲಿರುವ ಬೇರೆಯವರ ರೀಲುಗಳನ್ನೂ. ಅಮೆರಿಕದ ಸಿಯಾಟಲ್ ಫಿಲ್ಮ್‌ವರ್ಕ್ಸ್ ಒಂದು ಕಾಲದಲ್ಲಿ ಈಸ್ಟ್‌ಮನ್ 5247 ಸಿನಿಮಾ ಫಿಲ್ಮನ್ನು ತನ್ನ ಹೆಸರಿನ ಕ್ಯಾಸೆಟ್ಟಿನಲ್ಲಿ ಮಾರುತ್ತಿತ್ತು. ಬೇರೆ ಲ್ಯಾಬುಗಳು ಅದನ್ನು ಮುಟ್ಟುತ್ತಿರಲಿಲ್ಲ, ಗಿರಾಕಿ ಮತ್ತೆ ಅವರ ಹತ್ತಿರವೇ ತೊಳೆಸಬೇಕು. ವ್ಯಾಪಾರದ ಬುದ್ಧಿ ಎಂದರೆ ಅದು.

ಸಂಜೆ ಮಾರಾಟಗಾರರಿಗೆ ಫೋನ್ ಮಾಡಿದೆ. ಪಟ್ಟೆಯ ಫೋಟೊ, ಸ್ಟಿಕ್ಕರ್ ಕಿತ್ತ ಕ್ಯಾಸೆಟ್ಟಿನ ಫೋಟೊ ಮೊದಲೇ ಕಳಿಸಿದ್ದೆ. ಜಗಳಕ್ಕೆ ತಯಾರಾಗಿದ್ದರೋ ಏನೋ, ದನಿ ಬಿಗಿಯಾಗಿತ್ತು.

“ಯಾರು ಮಾಡಿದ್ದು ಅಂತ ಹೇಳೋ ಹಾಗಿಲ್ಲ ಸರ್. ಕೊಡೋರು ಬರೆಸಿಕೊಂಡಿದ್ದಾರೆ.”

“ಹೆಸರು ಬೇಡ ಬಿಡಿ,” ಎಂದೆ. “ಪಾಲಿಯೆಸ್ಟರ್, ನೆರಳಲ್ಲಿ ಲೋಡ್ ಮಾಡಿ ಅಂತ ಒಂದು ಸಾಲು ಹಾಕೋಕೆ ಯಾರ ಒಪ್ಪಿಗೆ ಬೇಕು?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ಸಡಿಲವಾಯಿತು. ಹಾಗೆ ಬರೆದರೆ ಗೊತ್ತಿರುವವರು ಇಂಥದ್ದೇ ಫಿಲ್ಮ್ ಎಂದು ಹಿಡಿದುಬಿಡುತ್ತಾರೆ, ಬಲ್ಕಿನಲ್ಲಿ ಅಗ್ಗಕ್ಕೆ ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಂಡು ಹೋಗುತ್ತಾರೆ, ನನ್ನ ಹತ್ತಿರ ಯಾರು ಕೊಳ್ಳುತ್ತಾರೆ ಎಂದರು. ರಾತ್ರಿ ಕೂತು ಕತ್ತಲ ಚೀಲದಲ್ಲಿ ಒಂದೊಂದೇ ರೀಲು ತುಂಬುವುದು, ಸ್ಟಿಕ್ಕರ್ ಅಂಟಿಸುವುದು, ಪ್ಯಾಕ್ ಮಾಡುವುದು ಎಲ್ಲ ಅವರೊಬ್ಬರೇ. ಅವರ ಭಯ ನಿಜವೇ. ಆದರೆ ಬಲ್ಕ್ ರೋಲ್ ತಂದು ಸುತ್ತಿಕೊಳ್ಳುವ ತಾಪತ್ರಯ ಎಲ್ಲರಿಗೂ ಬೇಡ. ನೇರ ಲೋಡ್ ಮಾಡುವ ರೀಲಿಗೆ, ಅದನ್ನು ಪರೀಕ್ಷಿಸಿ ಸರಿಯಾದ ಸ್ಪೀಡು, ಡೆವಲಪರ್ ಸಮಯ ಬರೆದುಕೊಟ್ಟ ಶ್ರಮಕ್ಕೆ ನಾಲ್ಕು ಕಾಸು ಜಾಸ್ತಿ ಕೊಡುವವರು ಇದ್ದೇ ಇದ್ದಾರೆ. ಬಚ್ಚಿಟ್ಟ ಹೆಸರನ್ನೇ ನಂಬಿ ನಡೆಯುವ ವ್ಯಾಪಾರ, ನನ್ನಂಥವನೊಬ್ಬ ಉಗುರು ಹಾಕಿ ಸ್ಟಿಕ್ಕರ್ ಎಬ್ಬಿಸುವವರೆಗೆ ಮಾತ್ರ. ಇದನ್ನೇ ಕೊಂಚ ಮೆತ್ತಗೆ ಹೇಳಿದೆ.

ಹಣ ವಾಪಸ್ ಕೊಡುತ್ತೇನೆ ಎಂದರು. ಬೇಡವೆಂದು, ಬದಲಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆ. ಸರಿಯಾದ ಸ್ಪೀಡು ಎಷ್ಟು? ಮೂಲ ರೋಲಿನ ಎಕ್ಸ್‌ಪೈರಿ ಯಾವಾಗ? ಫ್ರಿಜ್ಜಿನಲ್ಲಿಟ್ಟಿದ್ದರೋ, ಕಪಾಟಿನಲ್ಲೋ? ಹಳೆಯ ಫಿಲ್ಮ್ ಮಾರಬಾರದೆಂದೇನಿಲ್ಲ, ತಣ್ಣಗಿಟ್ಟ ಕಪ್ಪು-ಬಿಳುಪು ಫಿಲ್ಮ್ ತಾರೀಖು ದಾಟಿದ ಮೇಲೂ ಬಹಳ ಕಾಲ ಬಾಳುತ್ತದೆ. ಸೆಖೆಯಲ್ಲಿ ಬಿದ್ದಿದ್ದರೆ ಫಾಗ್, ಅಂದರೆ ಬೆಳಕು ತಾಗದೆಯೂ ಕವಿಯುವ ಮಂಕು, ಏರಿ, ಸ್ಪೀಡು ಇಳಿದಿರುತ್ತದೆ. ನನ್ನ ಖಾಲಿ ನೆರಳುಗಳಿಗೆ ಕಾರಣ ಫಿಲ್ಮಿನ ಹುಟ್ಟುಗುಣವೋ ವಯಸ್ಸೋ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಕೆಲವು ವಾರಗಳಲ್ಲಿ ಡಬ್ಬ ಬದಲಾಯಿತು. ‘ಹೊಚ್ಚ ಹೊಸ’ ಹೋಗಿದೆ. 400ರ ಜಾಗದಲ್ಲಿ 200. ಕೆಳಗೆ ಸಣ್ಣ ಅಕ್ಷರದಲ್ಲಿ ‘ಪಾಲಿಯೆಸ್ಟರ್ ಬೇಸ್, ಕತ್ತಲಲ್ಲಿ ಅಥವಾ ನೆರಳಲ್ಲಿ ಲೋಡ್ ಮಾಡಿ’. ಫ್ರಿಜ್ಜಿನಲ್ಲೇ ಇಟ್ಟಿದ್ದೆ ಎಂದು ನನಗೆ ಉತ್ತರವೂ ಬಂತು. ಎಕ್ಸ್‌ಪೈರಿಯ ಬಗ್ಗೆ ಮಾತ್ರ ಡಬ್ಬದಲ್ಲೂ ಇಲ್ಲ, ಉತ್ತರದಲ್ಲೂ ಇಲ್ಲ. ಮತ್ತೆ ಕೇಳಿದ್ದೇನೆ. ಆ ತಾರೀಖು ಸಿಕ್ಕಿದರೆ, ಅದು ಎಷ್ಟೇ ಹಳೆಯದಾಗಿರಲಿ, ಮುಂದಿನ ರೀಲುಗಳನ್ನು ಅವರ ಹತ್ತಿರವೇ ಕೊಳ್ಳುತ್ತೇನೆ.