ಗೇಜ್ ಎಲ್ಲಿ ನೆಡ್ತೀರಿ ಅಂತ ಮೊದಲು ಕೇಳಿ

ಎರಡು-ಮೂರು ದೇಶಗಳು ಹಂಚಿಕೊಂಡ ಹೊಳೆಗೆ ಯಾರೋ ದೊಡ್ಡ ಅಣೆಕಟ್ಟು ಕಟ್ಟಿದ ಸುದ್ದಿ ಬಂದರೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ನೀರಾವರಿ ಕೆಲಸದವರಿಗೆ ಅದು ದೂರದ ಸುದ್ದಿ ಅನ್ನಿಸುವುದಿಲ್ಲ. 2025ರ ಸೆಪ್ಟೆಂಬರ್ 9ರಂದು ಇಥಿಯೋಪಿಯಾ ನೀಲಿ ನೈಲ್ ನದಿಯ ಮೇಲಿನ ತನ್ನ ಮಹಾ ಅಣೆಕಟ್ಟನ್ನು ಉದ್ಘಾಟಿಸಿದಾಗ ನಮ್ಮ ಜೊತೆಯ ಹೊಸ ಹುಡುಗರೆಲ್ಲ ಎತ್ತರ ಎಷ್ಟು, ಕರೆಂಟ್ ಎಷ್ಟು ಅಂತ ಮೊಬೈಲಿನಲ್ಲಿ ಹುಡುಕುತ್ತಿದ್ದರು. 145 ಮೀಟರ್ ಎತ್ತರ, 5,150 ಮೆಗಾವಾಟ್. ಜಲಾಶಯದಲ್ಲಿ ಹಿಡಿಯುವ ನೀರು 74 ಬಿಲಿಯನ್ ಘನ ಮೀಟರ್, ಅಂದರೆ ನಾವು ದಿನಾ ಆಡುವ ಲೆಕ್ಕದಲ್ಲಿ ಸುಮಾರು 2,600 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ನಮ್ಮ ತುಂಗಭದ್ರೆಯ ಈಗಿನ ಸಾಮರ್ಥ್ಯ 105.788 ಟಿಎಂಸಿ. ಅಂಥ ಇಪ್ಪತ್ನಾಲ್ಕು ಡ್ಯಾಮ್ ಒಂದೇ ಗೋಡೆಯ ಹಿಂದೆ ನಿಂತಂತಾಯಿತು.

ಅಂಕಿ ದೊಡ್ಡವೇ, ಹೆಮ್ಮೆ ಪಡುವಂಥವೇ. ಇಥಿಯೋಪಿಯಾದ ಜನ ಬಾಂಡ್ ಕೊಂಡು, ಸಂಬಳದಲ್ಲಿ ಮುರಿಸಿಕೊಂಡು ಅದನ್ನು ಕಟ್ಟಿಸಿದ್ದಾರೆ. ಆದರೆ ಕಾಲುವೆ ಮೇಲೆ ನೀರು ಅಳೆದು ಅನ್ನ ತಿಂದ ನನಗೆ ಬೇರೆಯದೇ ಪ್ರಶ್ನೆ ಮೊದಲು ಬರುತ್ತದೆ. ನೀರಿನ ಮಟ್ಟ ಅಳೆಯುವ ಗೇಜ್ ಎಲ್ಲಿದೆ? ಅದನ್ನು ಓದುವಾಗ ಕೆಳಗಿನ ಊರಿನವನು ಪಕ್ಕದಲ್ಲಿ ನಿಂತಿರುತ್ತಾನೋ ಇಲ್ಲವೋ?

ಈ ಪ್ರಶ್ನೆ ನನಗೆ ಕಲಿಸಿದ್ದು ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆ. ನಾವೆಲ್ಲ ಎಲ್ಎಲ್‌ಸಿ ಅಂತೀವಿ. ಡ್ಯಾಮಿನಿಂದ ಹೊರಟು ಹೊಸಪೇಟೆ, ಬಳ್ಳಾರಿ, ಸಿರುಗುಪ್ಪ ಸೀಮೆಯನ್ನೆಲ್ಲ ಸುತ್ತಿ ಸುಮಾರು 250ನೇ ಕಿಲೋಮೀಟರಿಗೆ ಆಂಧ್ರದ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿಯವರೆಗೆ ದಾರಿಯುದ್ದಕ್ಕೂ ಎಷ್ಟೋ ತೂಬು, ಎಷ್ಟೋ ವಿತರಣಾ ನಾಲೆ. ಡ್ಯಾಮಿನ ಬಾಯಲ್ಲಿ ಬಿಟ್ಟ ನೀರಿಗೂ ಗಡಿಯಲ್ಲಿ ಸಿಕ್ಕ ನೀರಿಗೂ ನಡುವೆ ಇಷ್ಟು ದೊಡ್ಡ ಸೀಮೆ ಇದೆ. ಮೇಲಿನವರು ಬಿಟ್ಟೆವು ಅನ್ನುತ್ತಾರೆ, ಕೆಳಗಿನವರು ಬರಲಿಲ್ಲ ಅನ್ನುತ್ತಾರೆ. ಬಹಳ ಸಲ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೂ ಹೇಳಿಕೊಡದ ಮಾತು ಇದು.

ಹೇಗೆ ಅಂತ ಕೇಳಿ. ಕಾಲುವೆ ಪಕ್ಕಕ್ಕೆ ಬಣ್ಣ ಬಳಿದ ಗೇಜ್ ಪಟ್ಟಿ ಇರುತ್ತದೆ, ಅಡಿಗಳಲ್ಲಿ ಗುರುತು. ಇಷ್ಟು ಅಡಿ ನಿಂತರೆ ಇಷ್ಟು ಕ್ಯುಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ) ಹರಿಯುತ್ತದೆ ಅಂತ ಒಂದು ಟೇಬಲ್ ಇರುತ್ತದೆ. ಪಟ್ಟಿ ನೋಡು, ಟೇಬಲ್ ನೋಡು, ರಿಜಿಸ್ಟರಿಗೆ ಬರೆ. ದಿನದ ಕೆಲಸ ಮುಗಿಯಿತು. ಆದರೆ ಆ ಟೇಬಲ್ ಮಾಡಿದ್ದು ಕಾಲುವೆ ಚೊಕ್ಕಟವಾಗಿದ್ದಾಗ. ಆಗಸ್ಟ್ ಕಳೆದು ಸೆಪ್ಟೆಂಬರ್ ಹೊತ್ತಿಗೆ ತಳದಲ್ಲಿ ಜೊಂಡು, ಹಾವಸೆ ಬೆಳೆದಿರುತ್ತದೆ. ನೀರಿಗೆ ಅಡ್ಡ ಹೆಚ್ಚಾದಷ್ಟೂ ಓಟ ನಿಧಾನ, ಮಟ್ಟ ಮಾತ್ರ ಮೇಲೆ. ಪಟ್ಟಿಯ ಮೇಲೆ ಅದೇ ಐದಡಿ, ಹರಿಯುವ ನೀರು ಕಮ್ಮಿ. ಕೆಳಗಿನ ಕ್ರಾಸ್ ರೆಗ್ಯುಲೇಟರ್, ಅಂದರೆ ನೀರಿನ ಮಟ್ಟ ಹಿಡಿಯಲು ಕಾಲುವೆಗೆ ಅಡ್ಡ ಕಟ್ಟಿದ ಗೇಟಿನ ಕಟ್ಟೆ, ಅದರ ಗೇಟನ್ನು ಒಂದಿಷ್ಟು ಇಳಿಸಿದರೂ ಇದೇ ಕತೆ: ನೀರು ಹಿಂದಕ್ಕೆ ನಿಂತು ಗೇಜ್ ಏರುತ್ತದೆ, ಓದಿದವನಿಗೆ ಕಾಲುವೆ ತುಂಬಿ ಹರಿದಂತೆ ಕಾಣುತ್ತದೆ.

ಸಿರುಗುಪ್ಪ ಕಡೆಯ ಒಬ್ಬ ಹಿರಿಯ ರೈತರು ನನ್ನ ಎದುರು ಪಟ್ಟಿ ತೋರಿಸಿ, "ಸಾಹೇಬ್ರ, ಪಟ್ಟಿ ಮ್ಯಾಗ ನೀರು ಐತ್ರಿ, ಹೊಲದಾಗ ಇಲ್ಲ. ಪಟ್ಟಿ ಹಿಡಕೊಂಡು ಏನ್ ನಾಟಿ ಮಾಡ್ಲಿ?" ಅಂದಿದ್ದರು. "ಬರ್ರಿ ಯಜಮಾನ್ರ, ಅಳದ ನೋಡೋಣು" ಅಂತ ಸೇತುವೆ ಮೇಲೆ ಕರೆದುಕೊಂಡು ಹೋದೆ. ಆ ದಿನ ಗಡಿಯಾಚೆಯ ಎಂಜಿನಿಯರೂ ಬಂದಿದ್ದರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ತೆಲುಗು ಬೆರೆತ ಬಳ್ಳಾರಿ ಕನ್ನಡ ಅವರದು. "ಮೀಟರ್ ನೀವು ಇಳಿಬಿಡ್ರಿ, ಲೆಕ್ಕ ನಾನು ಇಡ್ತೀನಿ" ಅಂದರು.

ನೀರು ಅಳೆಯುವುದನ್ನು ನೋಡದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾಲುವೆಯ ಅಗಲವನ್ನು ಸಮ ಭಾಗ ಮಾಡಿ ಸೇತುವೆಯ ಕಟ್ಟೆಗೆ ಸುಣ್ಣದ ಗುರುತು ಹಾಕುತ್ತೇವೆ. ಪ್ರತಿ ಗುರುತಿನಲ್ಲೂ ಮೊದಲು ಆಳ ನೋಡಿ ಆಮೇಲೆ ಕರೆಂಟ್ ಮೀಟರ್ ಇಳಿಬಿಡುತ್ತೇವೆ. ಅಡಿಯಲ್ಲಿ ಮೀನಿನ ಆಕಾರದ ತೂಕ, ಅದರ ಮೇಲೆ ಗಿರಗಿರ ತಿರುಗುವ ಪುಟ್ಟ ಬಟ್ಟಲುಗಳು. ಆಳ ಕಮ್ಮಿ ಇದ್ದರೆ ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲಿನಲ್ಲಿ ಒಂದೇ ಸಲ, ಹೆಚ್ಚಿದ್ದರೆ ಎರಡು ಪಾಲು ಮತ್ತು ಎಂಟು ಪಾಲಿನಲ್ಲಿ ಎರಡು ಸಲ ಅಳೆದು ಸರಾಸರಿ. ಬಟ್ಟಲು ಸುತ್ತಿದಂತೆ ಟಿಕ್ ಟಿಕ್ ಶಬ್ದ. ಒಬ್ಬನ ಕೈಲಿ ಸ್ಟಾಪ್‌ವಾಚ್, ಇನ್ನೊಬ್ಬನ ಬಾಯಲ್ಲಿ ಎಣಿಕೆ. ವೇಗವನ್ನು ಆ ಭಾಗದ ಅಗಲ, ಆಳದಿಂದ ಗುಣಿಸಿ ಎಲ್ಲ ಭಾಗ ಕೂಡಿಸಿದರೆ ಕಾಲುವೆಯ ಹರಿವು ಸಿಗುತ್ತದೆ. ಒಂದು ಬೆಳಗು ಪೂರ್ತಿ ಬೇಕು. ಬಿಸಿಲಲ್ಲಿ ಕಟ್ಟೆಯ ಕಲ್ಲು ಮುಟ್ಟಲಾಗುವುದಿಲ್ಲ.

ಕೂಡಿಸಿದಾಗ ಟೇಬಲ್ ಹೇಳಿದ್ದಕ್ಕಿಂತ ಹತ್ತರಲ್ಲೊಂದು ಪಾಲು ಕಮ್ಮಿ ಬಂತು. ಯಜಮಾನರು ಎಣಿಕೆ ಕೇಳುತ್ತಾ ನಿಂತೇ ಇದ್ದರು. ನಮ್ಮ ದಂಡೆಯ ರಿಜಿಸ್ಟರಿನಲ್ಲಿ ಕಳ್ಳ ಬರಹ ಇರಲಿಲ್ಲ, ಗಡಿಯವರ ದೂರಿನಲ್ಲೂ ಸುಳ್ಳಿರಲಿಲ್ಲ. ನಡುವೆ ಇದ್ದದ್ದು ಜೊಂಡು. ಅವತ್ತು ಹಾಳೆಗೆ ಇಬ್ಬರೂ ಸಹಿ ಹಾಕಿದೆವು, ಹೊಸ ಅಳತೆಯ ಮೇಲೆ ಹರಿವು ತಿದ್ದಿಕೊಂಡರು. ಆಮೇಲಿನ ಪತ್ರ ವ್ಯವಹಾರದ ಧಾಟಿಯೇ ಬೇರೆಯಾಯಿತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೈಲ್ ಕಡೆ ನೋಡಿ. ಇಥಿಯೋಪಿಯಾದ ಅಣೆಕಟ್ಟು ಸುಡಾನ್ ಗಡಿಗೆ ತೀರ ಹತ್ತಿರ. ಗಡಿಯಲ್ಲಿ ಎಲ್ ದೈಮ್ ಎಂಬಲ್ಲಿ ಸುಡಾನಿನ ಗೇಜ್ ಇದೆ. 2020ರ ಜುಲೈನಲ್ಲಿ ಮೊದಲ ಸಲ ನೀರು ತುಂಬಿಸಲು ಶುರುವಾದಾಗ ಅದನ್ನು ಕೆಳಗಿನವರು ಖಚಿತ ಮಾಡಿಕೊಂಡಿದ್ದು ಆ ಗೇಜ್ ನೋಡಿ. ದಿನಕ್ಕೆ 9 ಕೋಟಿ ಘನ ಮೀಟರ್ ಹರಿವು ಇಳಿದಿದೆ ಎಂದು ಸುಡಾನಿನ ನೀರಾವರಿ ಸಚಿವಾಲಯ ಹೇಳಿತು. ಕ್ಯುಸೆಕ್‌ನಲ್ಲಿ ಹೇಳುವುದಾದರೆ 36,000ಕ್ಕೂ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ಆ ಒಂದೇ ಕಿಂಡಿಯಿಂದ ಹರಿದದ್ದೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ನೀರು ಒಂದು ಹೊಳೆಯಿಂದ ಕಮ್ಮಿಯಾದರೆ ಕೆಳಗಿನ ದೇಶಕ್ಕೆ ಅದು ಗೇಜ್ ನೋಡಿ ತಿಳಿಯಬೇಕಾದ ಸಂಗತಿಯೇ? ಮಳೆಯ ನೀರು ತಾನಾಗಿ ನಿಲ್ಲುತ್ತಿದೆ ಎಂದು ಇಥಿಯೋಪಿಯಾ ವಿವರಣೆ ಕೊಟ್ಟಿತು. ಕಟ್ಟುತ್ತಿರುವ ಗೋಡೆಯ ಹಿಂದೆ ಮಳೆಗಾಲದಲ್ಲಿ ನೀರು ನಿಲ್ಲುವುದು ಎಂಜಿನಿಯರಿಂಗ್ ಪ್ರಕಾರ ಸಹಜವೇ. ಆದರೆ ಎಷ್ಟು ನಿಂತಿತು, ಎಷ್ಟು ಬಿಟ್ಟರು ಎಂಬ ಹಾಳೆಗೆ ಇಬ್ಬರ ಸಹಿ ಇರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಡಾನಿನಲ್ಲಿ ಪ್ರವಾಹ ಬಂದಾಗಲೂ ಅದೇ ಆಯಿತು. ಅಣೆಕಟ್ಟಿನಿಂದ ಹೇಳದೆ ಕೇಳದೆ ಬಿಟ್ಟ ನೀರೇ ಕಾರಣ ಎಂದು ಈಜಿಪ್ಟ್ ಆರೋಪಿಸಿತು, ಇಥಿಯೋಪಿಯಾ ತಳ್ಳಿಹಾಕಿತು.

2015ರ ಮಾರ್ಚ್‌ನಲ್ಲಿ ಖಾರ್ಟೂಮ್‌ನಲ್ಲಿ ಮೂರೂ ದೇಶಗಳು ಒಂದು ತತ್ವಗಳ ಘೋಷಣೆಗೆ ಸಹಿ ಹಾಕಿದ್ದವು. ಮಾಹಿತಿ ಹಂಚಿಕೊಳ್ಳಬೇಕು, ಒಬ್ಬರಿಗೊಬ್ಬರು ದೊಡ್ಡ ಹಾನಿ ಮಾಡಬಾರದು ಎಂಬುದೆಲ್ಲ ಅದರಲ್ಲಿದೆ. ಬರಗಾಲದ ವರ್ಷ ಎಷ್ಟು ಬಿಡಬೇಕು ಎಂಬ ಅಂಕಿ ಮಾತ್ರ ಇಲ್ಲ. ಅದಕ್ಕಾಗಿ 2019-20ರಲ್ಲಿ ವಾಷಿಂಗ್ಟನ್‌ನಲ್ಲಿ ಕೂತು ಮಾತಾಡಿದ್ದೂ ಮುರಿದುಬಿತ್ತು. ಅಷ್ಟರಲ್ಲಿ ಗೋಡೆ ಎದ್ದಿತ್ತು. ಗೋಡೆ ಎದ್ದ ಮೇಲೆ ಮೇಲಿನವನಿಗೆ ಮಾತಿನ ಅವಸರ ಇರುವುದಿಲ್ಲ. ಇದು ನೈಲ್‌ನಲ್ಲೂ ಅಷ್ಟೇ, ನಮ್ಮ ಊರಿನ ತೂಬಿನಲ್ಲೂ ಅಷ್ಟೇ.

ಹಾಗಂತ ಈಜಿಪ್ಟ್ ಹಿಡಿದ ಪಟ್ಟೂ ನನಗೆ ಸರಿ ಕಾಣುವುದಿಲ್ಲ. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ನೈಲ್ ನೀರನ್ನು ತಾವಿಬ್ಬರೇ ಹಂಚಿಕೊಂಡವು. ವರ್ಷಕ್ಕೆ 84 ಬಿಲಿಯನ್ ಘನ ಮೀಟರ್ ಎಂದು ಹಿಡಿದು, 10 ಬಿಲಿಯನ್ ಆವಿಗೆ ಕಳೆದು, ಈಜಿಪ್ಟ್‌ಗೆ 55.5, ಸುಡಾನಿಗೆ 18.5. ಆ ನೀರಿನ ಬಹುಪಾಲು ಹುಟ್ಟುವುದು ಇಥಿಯೋಪಿಯಾದ ಬೆಟ್ಟಗಳಲ್ಲಿ, ಆ ದೇಶಕ್ಕೇ ಅಲ್ಲಿ ಕುರ್ಚಿ ಇರಲಿಲ್ಲ. ಜೊತೆಗೆ ಅದು ಗಟ್ಟಿ ಅಂಕಿಯ ಒಪ್ಪಂದ. ಪಾಲಿಗೆ ಮಾಡಿದ ಹೊಲಕ್ಕೂ ಲೀಜಿಗೆ ಮಾಡಿದ ಹೊಲಕ್ಕೂ ಇರುವ ವ್ಯತ್ಯಾಸ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಲೀಜಿನಲ್ಲಿ ಬೆಳೆ ಬರಲಿ ಬಿಡಲಿ ಇಷ್ಟು ಚೀಲ ಕೊಡಲೇಬೇಕು, ಪಾಲಿನಲ್ಲಿ ರಾಶಿ ನೋಡಿ ಹಂಚಿಕೆ.

ತುಂಗಭದ್ರೆಯದು ಪಾಲಿನ ಲೆಕ್ಕ. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪಿನಂತೆ ಬಳಕೆಗೆ 212 ಟಿಎಂಸಿ, ಆವಿಗೆ 18, ಒಟ್ಟು 230. ಆ 212ರಲ್ಲಿ ಕರ್ನಾಟಕಕ್ಕೆ 138.99, ಉಳಿದದ್ದು ಆಂಧ್ರ, ತೆಲಂಗಾಣಕ್ಕೆ. ಒಳಹರಿವು ಕಮ್ಮಿಯಾದ ವರ್ಷ ಎಲ್ಲರದೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಬಳಕೆಗೆ 150 ಟಿಎಂಸಿ ಮಾತ್ರ ಸಿಗುವ ವರ್ಷ ಅಂದುಕೊಳ್ಳಿ, ಕರ್ನಾಟಕದ ಪಾಲು ಸುಮಾರು 98ಕ್ಕೆ ಬರುತ್ತದೆ. ನೋವು ಇದ್ದೇ ಇರುತ್ತದೆ. ಸಿರವಾರ, ಮಾನ್ವಿ ಕಡೆಯ ಕೊನೆಭಾಗದ ರೈತರು ರಸ್ತೆಗಿಳಿದದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಅವರ ಸಿಟ್ಟು ನ್ಯಾಯವಾದದ್ದು. ಆದರೆ ರಾಜ್ಯ-ರಾಜ್ಯಗಳ ನಡುವೆ ಬರದ ವರ್ಷದ ಸೂತ್ರಕ್ಕಾಗಿ ಹೊಸದಾಗಿ ಜಗಳ ಶುರು ಮಾಡಬೇಕಿಲ್ಲ.

ಅಷ್ಟಕ್ಕೂ ನಮ್ಮ ಡ್ಯಾಮೂ ಒಂದು ಕಾಲಕ್ಕೆ ಎರಡು ದೇಶಗಳ ನಡುವಿನ ಡ್ಯಾಮೇ. 1945ರ ಫೆಬ್ರುವರಿ 28ರಂದು ಎರಡು ಅಡಿಗಲ್ಲು ಬಿದ್ದವು. ಮುನಿರಾಬಾದ್ ಕಡೆಯ ಎಡದಂಡೆಯಲ್ಲಿ ನಿಜಾಮರ ಮನೆತನದ ಬೇರಾರ್ ರಾಜಕುಮಾರ, ಹೊಸಪೇಟೆ ಕಡೆಯ ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್‌ವರೆಗೆ, ಸುಮಾರು 13 ತಿಂಗಳು, ಹೊಳೆಯ ಆಚೆ ದಂಡೆ ಭಾರತಕ್ಕೆ ಸೇರಿರಲಿಲ್ಲ. ಕೊಪ್ಪಳ, ರಾಯಚೂರಿನ ಹಿರಿಯರ ಮನೆಗಳಲ್ಲಿ ಆ ರಜಾಕಾರರ ಕಾಲದ ನೆನಪು ಇನ್ನೂ ಇದೆ. ಅಂಥ ಹೊತ್ತು ದಾಟಿಯೂ ಎರಡು ದಂಡೆಯ ಗೋಡೆ ನಡುವೆ ಬಂದು ಕೂಡಿತು. ಎಡದಂಡೆ ನಾಲೆ ಗುಡ್ಡ ಕೊರೆದು ಬಯಲಿಗೆ ಇಳಿಯುವ ಸುರಂಗಕ್ಕೆ ಹೈದರಾಬಾದಿನ ಎಂಜಿನಿಯರ್ ಪಾಪಯ್ಯನವರ ಹೆಸರಿದೆ. ಮದ್ರಾಸ್ ಕಡೆ ತಿರುಮಲೆ ಅಯ್ಯಂಗಾರ್. ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆಯಲ್ಲಿ, ಕಲ್ಲು ಕಟ್ಟಿದರು.

ಕೂಡಿದ್ದು ಹೇಗೆ ಎಂದರೆ, 1944ರಲ್ಲೇ, ಅಡಿಗಲ್ಲಿಗೆ ಮೊದಲೇ, ಮದ್ರಾಸಿಗೂ ಹೈದರಾಬಾದಿಗೂ ತಲಾ 65 ಟಿಎಂಸಿ ಎಂದು ಬರೆದುಕೊಂಡಿದ್ದರು. ಆಮೇಲೆ ಸರ್ಕಾರಗಳು ಬದಲಾದವು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ಆಂಧ್ರ ಹುಟ್ಟಿತು, ತುಂಗಭದ್ರಾ ಮಂಡಳಿ ಆಯಿತು. 1956ರಲ್ಲಿ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. 2014ರಲ್ಲಿ ತೆಲಂಗಾಣ ಬಂತು. ಪಾಲುದಾರರ ಹೆಸರು ಬದಲಾದರೂ ನೀರಿನ ಲೆಕ್ಕ ಮುಂದುವರಿಯಿತು. ಈ ಲೆಕ್ಕದ ಬೆಲೆ ತೆತ್ತವರು ಇನ್ನೊಂದು ಕಡೆ ಇದ್ದಾರೆ: ಮುಳುಗಿದ ನಾರಾಯಣದೇವರಕೆರೆಯಿಂದ ಎದ್ದು ಮರಿಯಮ್ಮನಹಳ್ಳಿಗೆ ಬಂದವರು. ಅವರಿಗೆ ಯಾವ ಟೇಬಲ್ಲಿನಲ್ಲೂ ಕಾಲಂ ಇಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಚೆನ್ನಾಗಿ ನಡೆದ ಉದಾಹರಣೆ ಬೇಕೆಂದರೆ ಪರಾನಾ ನದಿಯ ಇಟೈಪು ನೋಡಿ. ಬ್ರೆಜಿಲ್, ಪರಾಗ್ವೆ 1973ರಲ್ಲಿ ಒಪ್ಪಂದ ಮಾಡಿಕೊಂಡು ಸಮಪಾಲಾಗಿ ಕಟ್ಟಿದ್ದು. 20 ಘಟಕಗಳಲ್ಲಿ 10 ಪರಾಗ್ವೆಯ 50 ಹರ್ಟ್ಜ್‌ಗೆ, 10 ಬ್ರೆಜಿಲ್‌ನ 60 ಹರ್ಟ್ಜ್‌ಗೆ. ಕಟ್ಟುವವರಿಬ್ಬರೂ ಒಪ್ಪಿದರೂ ಕೆಳಗಿನ ಅರ್ಜೆಂಟೀನಾ ಸುಮ್ಮನಿರಲಿಲ್ಲ. 1979ರಲ್ಲಿ ಮೂರೂ ದೇಶ ಕೂತು, ಅಣೆಕಟ್ಟು ನಡೆಸುವಾಗ ಕೆಳಗೆ ಹೊಳೆಯ ಮಟ್ಟ ಎಷ್ಟು ಏರಿಳಿಯಬಹುದು ಎಂದು ಬರೆದುಕೊಂಡವು. ಮೊದಲ ಯೂನಿಟ್ ತಿರುಗುವ ಮುಂಚೆಯೇ ಅದು ಮುಗಿದಿತ್ತು.

ಜಂಟಿ ಅಳತೆಗೆ ಹೊಸದಾಗಿ ಹೋಗುವ ಹುಡುಗ-ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಅಳೆಯುವ ಮುಂಚೆ ಕೆಳಗಿನ ರೆಗ್ಯುಲೇಟರ್ ಗೇಟ್ ಎಷ್ಟು ತೆರೆದಿದೆ ಅಂತ ಹೋಗಿ ನೋಡಿ ಬನ್ನಿ, ಫೋನಿನಲ್ಲಿ ಕೇಳಬೇಡಿ. ಮೀಟರ್ ನಿಮ್ಮದಾದರೆ ಸ್ಟಾಪ್‌ವಾಚ್ ಅವರದಿರಲಿ. ಪಟ್ಟಿಯ ಹಾವಸೆ ಒರೆಸಿ ಇಬ್ಬರೂ ಬಗ್ಗಿ ಓದಿ. ರೈತರು ಬಂದರೆ ದೂರ ಸರಿಸಬೇಡಿ, ಎಣಿಕೆ ಅವರಿಗೂ ಕೇಳುವಂತೆ ಗಟ್ಟಿಯಾಗಿ ಎಣಿಸಿ. ಸಹಿ ಸೇತುವೆಯ ಮೇಲೆಯೇ ಆಗಲಿ. ಆಫೀಸಿಗೆ ಹೋಗಿ ಹಾಕೋಣ ಅಂದುಕೊಂಡರೆ ಅಷ್ಟರಲ್ಲಿ ಇಬ್ಬರಿಗೂ ಮೇಲಿನಿಂದ ಫೋನ್ ಬಂದಿರುತ್ತದೆ, ಬೆಳಿಗ್ಗೆಯ ಅಂಕಿ ಯಾರಿಗೂ ಬೇಡವಾಗಿರುತ್ತದೆ.